ಸಂಚಾರಿ

ಹೊಸದುರ್ಗ ಬಿಟ್ಟಾಗ ಇನ್ನೂ ಹಾಲಿನವನು ಬಂದಿರಲಿಲ್ಲ.
ಸಾಸಿವೆ ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿ,
ಸಿಲಿಂಡರಿಗೆ ನನ್ನ ಹಳೇ ಸೀರೆ ಎರಡು ಸುತ್ತು ಬಿಗಿದು,
‘ಹೂಂ, ರೈಟ್’ ಅಂದೆ.
ಮೂವತ್ತೊಂದು ವರ್ಷ ಸರಕಾರಿ ಬಸ್ಸು ಓಡಿಸಿದ ಮನುಷ್ಯ
ಈಗ ನಾನು ರೈಟ್ ಅನ್ನದೆ ಗೇರು ಹಾಕುವುದಿಲ್ಲ.

ಗಾಡಿ ಪಶು ಇಲಾಖೆಯ ಹರಾಜಿನದು.
ಎಮ್ಮೆಗೆ ಚುಚ್ಚುವ ಸೂಜಿಗಳಿದ್ದ ಕಪಾಟಿನಲ್ಲಿ
ರಾಗಿ ಹಿಟ್ಟು, ಇವರ ಬಿಪಿ ಮಾತ್ರೆ.
ಹೊರಗೆ ನೀಲಿ ಬಳಿಸಿದೆವು, ಒಂದೇ ಕೋಟು;
ಬಿಸಿಲು ಓರೆಯಾಗಿ ಬಿದ್ದರೆ ಅಡಿಯ ಅಕ್ಷರ ಮೇಲೇಳುತ್ತವೆ:
ಸಂಚಾರಿ ಪಶು ಚಿಕಿತ್ಸಾಲಯ.

ತರೀಕೆರೆಯಲ್ಲಿ ಹಲ್ಲುಜ್ಜಿದೆವು.
ಭದ್ರಾವತಿಯಲ್ಲಿ ಅವಲಕ್ಕಿ.
ಶಿವಮೊಗ್ಗದ ಸೇತುವೆ ಮೇಲೆ ಟ್ರಾಫಿಕ್ಕು ನಿಂತಾಗ
ನಾನು ಹಿಂದೆ ಕೂತು ಹುರುಳಿಕಾಯಿ ಬಿಡಿಸುತ್ತಿದ್ದೆ;
ಪಕ್ಕದ ಬೈಕಿನ ಹುಡುಗ
ಕಿಟಕಿಯಲ್ಲಿ ನಾರು ತೆಗೆಯುವ ಕೈ ಕಂಡು
ಹೆಲ್ಮೆಟ್ಟಿನ ಗಾಜೆತ್ತಿದ.
ಅವನಿಗೊಂದು ಕಾಯಿ ಕೊಡೋಣ ಅನ್ನುವಷ್ಟರಲ್ಲಿ ದಾರಿ ಬಿಟ್ಟಿತು.

ರಾತ್ರಿಗೆ ಹೊನ್ನಾವರ, ಸಮುದ್ರ.
ಅದು ಇವರ ಲೆಕ್ಕ. ಟೈಮ್‌ಶೀಟು ಬರೆದಿಟ್ಟಿದ್ದರು,
ಊಟಕ್ಕೆ ಇಪ್ಪತ್ತು ನಿಮಿಷ.

ಚೋರಡಿ ದಾಟಿ ಒಂದು ಕಲ್ಲು.
ಟಣ್ ಅಂದದ್ದು ನನ್ನ ಕಾಲಡಿಯಲ್ಲೇ.
ಇಳಿದು ನೋಡಿದರೆ ಡೀಸೆಲ್ ಟ್ಯಾಂಕಿನಿಂದ ಒಂದು ದಾರ,
ಸೂಜಿಗೆ ಪೋಣಿಸುವಷ್ಟು ಸಪೂರ,
ಕಡಿಯದೆ ಧೂಳಿಗೆ ಬೀಳುತ್ತಿದೆ.
ಇವರು ಬಗ್ಗಿದರು, ಎದ್ದರು, ಮತ್ತೆ ಬಗ್ಗಿದರು.
ಡಿಪೋಗೆ ಫೋನು ಮಾಡಿ ಅಭ್ಯಾಸವಾದ ಕೈ
ಜೇಬಿಗೆ ಹೋಗಿ ಬರಿದೇ ಬಂತು.

ಆಗ ಬಂದಳು ಹಾಲಮ್ಮ
(ಹೆಸರು ಗೊತ್ತಾದದ್ದು ಆಮೇಲೆ),
ಒಂದು ಕರುವನ್ನು ಎಳೆದುಕೊಂಡು.
‘ಡಾಕ್ಟ್ರೇ, ಇದು ಮೂರು ದಿನದಿಂದ ಮೇವು ಮುಟ್ಟಿಲ್ಲ.’
ಹತ್ತು ಗಂಟೆಯ ಬಿಸಿಲು, ಓರೆಯಾಗಿತ್ತಲ್ಲ.
‘ನಾವು ಡಾಕ್ಟರಲ್ಲಮ್ಮ,’ ಅಂದೆ, ‘ನಮ್ಮದಕ್ಕೇ ಭೇದಿ ಹತ್ತಿದೆ.’
ಹಗ್ಗ ನನ್ನ ಕೈಗಿತ್ತು, ಸೆರಗು ಸೊಂಟಕ್ಕೆ ಸಿಕ್ಕಿಸಿ
ಗಾಡಿಯಡಿಗೆ ತೂರಿಯೇ ಬಿಟ್ಟಳು.
‘ಸೋಪೈತಾ? ಮೈ ಸೋಪು. ಬಟ್ಟೇದು ಬ್ಯಾಡ.’
ತಮ್ಮ ಅದಿರು ಲಾರಿಯ ಕ್ಲೀನರ್ ಆಗಿದ್ದನಂತೆ.
ನಿನ್ನೆಯಷ್ಟೇ ಬಿಚ್ಚಿದ ಗಂಧದ ಸೋಪು. ಹೊಟ್ಟೆ ಚುರ್ ಅಂದಿತು, ಕೊಟ್ಟೆ.
ಹೆಬ್ಬೆರಳಲ್ಲಿ ನಾದಿ ನಾದಿ ತೂತಿಗೆ ಮೆತ್ತಿದಳು.
ದಾರ ಹನಿಯಾಯಿತು.
ಹನಿ ನಿಂತಿತು.
ಇವರು ವಾಚು ನೋಡುವುದನ್ನು ಮರೆತರು.

ಕರುವಿಗೆ?
ನನಗೆ ಗೊತ್ತಿದ್ದದ್ದು ತವರಿನ ಓಮಕಾಳು, ಬೆಲ್ಲ, ಬೆಚ್ಚನೆ ನೀರು.
ಒಲೆ ಹಚ್ಚಹೋದರೆ ಡೀಸೆಲ್ಲು ಡೀಸೆಲ್ಲು ಅಂತ ಇವರ ಕೂಗು;
ರಸ್ತೆಯಾಚೆ ಮೂರು ಕಲ್ಲಿಟ್ಟು ಕಾಸಿದೆ.
ಕಪಾಟಿನ ತಳದಲ್ಲಿ ಇಲಾಖೆಯ ಗೊಟ್ಟವೊಂದು ಉಳಿದಿತ್ತು,
ಎಸೆಯದೆ ಇಟ್ಟಿದ್ದಕ್ಕೆ ಇವರು ಬೈದಿದ್ದರು.
ಅರ್ಧ ಕುಡಿಯಿತು, ಅರ್ಧ ನನ್ನ ಮೈಮೇಲೆ.
ಆಮೇಲೆ ಮೇವು ಮುಟ್ಟಿತೋ ಇಲ್ಲವೋ.
ಅವಳ ಹತ್ತಿರ ಫೋನಿರಲಿಲ್ಲ;
ನಾನೂ ನಮ್ಮ ನಂಬರು ಬರೆದುಕೊಡಲಿಲ್ಲ, ಅದೂ ನಿಜ.

ಸಾಗರದವರೆಗೆ ಮುಳ್ಳು ಮೂವತ್ತು ದಾಟಲಿಲ್ಲ.
ಒಳಗೆಲ್ಲ ಗಂಧ, ಡೀಸೆಲ್ಲು, ಓಮ.
ಗ್ರೆಗರಿಯ ಶೆಡ್ಡಿನಲ್ಲಿ ಟ್ಯಾಂಕು ಇಳಿಸಿ,
ತೊಳೆದು, ನೀರು ತುಂಬಿ, ಒಣಗಿಸಿ, ಬೆಸುಗೆ...
‘ನಾಳೆ ಬೆಳಿಗ್ಗೆ’ ಅಂದ, ತಲೆಯೆತ್ತದೆ.
ರಸೀದಿ ಪುಸ್ತಕ ತೆಗೆದು, ‘ವಿಳಾಸ?’
ಇವರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ
ನಂಬರ್ ಪ್ಲೇಟು ನೋಡಿ ಬರೆದುಕೊಂಡ.

ಸಮುದ್ರ ಘಟ್ಟದ ಕೆಳಗೇ ಉಳಿಯಿತು.
ಜಾಕಿನ ಮೇಲೆ ಮನೆ ತುಸು ಎಡಕ್ಕೆ ವಾಲಿ ನಿಂತಿದೆ;
ಪಾತ್ರೆಯೊಳಗೆ ಸಾರೂ ಎಡಕ್ಕೆ.
ಇವರ ತಟ್ಟೆಯಿಂದ ತುಳುಕಿ
ನನ್ನ ಮಂಡಿಯವರೆಗೆ ಬಂತು. ಇಬ್ಬರೂ ಒರೆಸಲಿಲ್ಲ ಸ್ವಲ್ಪ ಹೊತ್ತು.

ಉಳಿದ ಅರ್ಧ ಸೋಪಿನಲ್ಲಿ
ಹಾಲಮ್ಮನ ಹೆಬ್ಬೆರಳ ಗುಳಿ ಹಾಗೇ ಇದೆ,
ಗೆರೆಯೊಳಗೆ ಕಪ್ಪು ಕೂತಿದೆ.
ಶೆಡ್ಡಿನ ನಲ್ಲಿಯಡಿ ಇವರು ಕೈ ತೊಳೆಯುತ್ತಿದ್ದಾರೆ,
ತಿರುಗಿಸಿ ತಿರುಗಿಸಿ, ಗುಳಿಯಿಲ್ಲದ ಮಗ್ಗುಲನ್ನೇ ಉಜ್ಜುತ್ತ.
‘ಹೊನ್ನಾವರದಲ್ಲಿ ಬೇರೆ ಸೋಪು ಸಿಗುತ್ತೆ,’ ಅಂದೆ.
ನೀರಿನ ಸದ್ದಿಗೆ ಕೇಳಿಸಲಿಲ್ಲವೇನೋ.